223ರ ಜೊತೆ 445 ಯಾಕೆ ಬಂತು?

ಪ್ರಶ್ನೆ: ಸರ್, ನಾನು ರಾಯಚೂರಿನಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದೇನೆ. ಹತ್ತಿಗೆ ಹೊಡೆಯುವ ಅಸಿಟಮಿಪ್ರಿಡ್ ಔಷಧಿಯನ್ನು, ಅಣುಗಳಿಗೆ ಚಾರ್ಜು ಕೊಟ್ಟು ತೂಗುವ ಎಲೆಕ್ಟ್ರೋಸ್ಪ್ರೇ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿದ್ದೆವು. 223ರ ತೂಕದಲ್ಲಿ ಪೀಕ್ (ಎದ್ದ ಗೆರೆ) ಬರಬೇಕಿತ್ತು, ಬಂತು. ಆದರೆ 245, 445, 467ರಲ್ಲೂ ಬಂದಿವೆ. ಮಾದರಿ ಕಲಬೆರಕೆಯೇ?
– ಓದುಗರು, ಸಿಂಧನೂರು

ಉತ್ತರ: ಇಲ್ಲಮ್ಮ, ಕೂಡಿ ನೋಡು. ಅಸಿಟಮಿಪ್ರಿಡ್ ಅಣುತೂಕ 222. ಒಂದು ಪ್ರೋಟಾನ್ ಸೇರಿದರೆ 223, ಅದರ ಬದಲು 23 ತೂಕದ ಸೋಡಿಯಂ ಸೇರಿದರೆ 245. ಎರಡು ಅಣು ಒಂದೇ ಪ್ರೋಟಾನನ್ನು ಹಿಡಿದುಕೊಂಡರೆ 445, ಒಂದೇ ಸೋಡಿಯಂ ಹಿಡಿದರೆ 467. ನಾಲ್ಕೂ ಅದೇ ಔಷಧಿ. ಸೋಡಿಯಂ ನಾವು ಹಾಕಬೇಕಿಲ್ಲ, ಗಾಜಿನ ಸೀಸೆಯೇ ಬಿಟ್ಟುಕೊಡುತ್ತದೆ.

ಜೋಡಿಯಾಗುವುದು ಹನಿಯೊಳಗೆ. ಯಂತ್ರದ ಸೂಜಿಗೆ ಮೂರ್ನಾಲ್ಕು ಸಾವಿರ ವೋಲ್ಟ್ ಕೊಟ್ಟಾಗ ದ್ರಾವಣ ಅದರ ತುದಿಯಲ್ಲಿ ಶಂಕುವಿನಂತೆ ಚೂಪಾಗಿ, ಚಾರ್ಜು ಹೊತ್ತ ಸಣ್ಣ ಹನಿಗಳಾಗಿ ಚಿಮ್ಮುತ್ತದೆ. ಬಿಸಿ ನೈಟ್ರೋಜನ್ ಆ ಹನಿಗಳನ್ನು ಒಣಗಿಸುತ್ತದೆ. ಹನಿ ಕುಗ್ಗುತ್ತದೆ, ಚಾರ್ಜು ಕುಗ್ಗುವುದಿಲ್ಲ. ಹನಿಯೊಂದು ಎಷ್ಟು ಚಾರ್ಜು ತಾಳೀತು ಎಂದು ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ 1882ರಲ್ಲೇ ಲೆಕ್ಕ ಹಾಕಿದ್ದರು. ಆ ಮಿತಿ ಮುಟ್ಟಿದರೆ ಹನಿ ಒಡೆದು ಇನ್ನೂ ಸಣ್ಣ ಹನಿಗಳನ್ನು ಉಗುಳುತ್ತದೆ. ಹೀಗೆ ಒಡೆದೊಡೆದು ಕೊನೆಗುಳಿದ ಹನಿಯಲ್ಲಿ ಎರಡು ಮೂರು ಅಣು ಇದ್ದರೆ, ದ್ರವವೆಲ್ಲ ಆರಿದ ಮೇಲೆ ಅವು ಅಂಟಿಕೊಂಡೇ ಉಳಿಯುತ್ತವೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಬೆವರು ಆರಿ, ಅಂಗಿಯ ಬೆನ್ನಿಗೆ ಬಿಳಿ ಉಪ್ಪು ಕೂರುವುದಿಲ್ಲವೇ, ಹಾಗೆ.

ಉಪ್ಪಿನ ಮಾತು ಬಂತು, ಹೇಳಿಬಿಡುತ್ತೇನೆ. ಅಡುಗೆ ಉಪ್ಪನ್ನೇ ಕರಗಿಸಿ ಸಿಂಪಡಿಸಿದರೆ 23, 81, 139 ಎಂದು, ಒಂದು ಸೋಡಿಯಂ-ಕ್ಲೋರೈಡ್ ಜೋಡಿಯ ತೂಕವಾದ 58ರ ಮೆಟ್ಟಿಲಿನಲ್ಲಿ ಗೊಂಚಲುಗಳು ಬರುತ್ತವೆ. ಅವುಗಳಲ್ಲಿ 14 ಸೋಡಿಯಂ, 13 ಕ್ಲೋರೈಡ್ ಕೂಡಿದ ಗೊಂಚಲು ಅಕ್ಕಪಕ್ಕದವಕ್ಕಿಂತ ಎದ್ದು ಕಾಣುತ್ತದೆ. ಒಟ್ಟು 27: ಉದ್ದಕ್ಕೆ ಮೂರು, ಅಗಲಕ್ಕೆ ಮೂರು, ಎತ್ತರಕ್ಕೆ ಮೂರು. ಉಪ್ಪಿನ ಹರಳಿನ ಪುಟ್ಟ ಮರಿ! ಅದನ್ನು ಮೊದಲ ಸಲ ಪರದೆಯ ಮೇಲೆ ಕಂಡ ದಿನ ನಾನು ಊಟದ ಡಬ್ಬಿ ಬಿಚ್ಚಲಿಲ್ಲ.

ವರದಿ ಬರೆಯುವ ಮುಂಚೆ ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಹಾಕು. 223 ತಗ್ಗುತ್ತದೆ, 445 ಅದಕ್ಕಿಂತ ಜೋರಾಗಿ ತಗ್ಗುತ್ತದೆ. ಹನಿಯೊಳಗೆ ಜೊತೆ ಸಿಗುವುದೇ ಅಪರೂಪವಾಗುತ್ತದಲ್ಲ. ಆಮೇಲೆ 445ನ್ನೊಂದೇ ಆರಿಸಿ ಅನಿಲಕ್ಕೆ ಡಿಕ್ಕಿ ಹೊಡೆಸು, ಒಡೆದು 223 ಬರಬೇಕು. ಈ ಎರಡನ್ನೂ ಮಾಡದೆ ನಾನೊಮ್ಮೆ ಇಂಥದೇ ಜೋಡಿ ಪೀಕನ್ನು ಕಲಬೆರಕೆ ಎಂದು ಬರೆದುಕೊಟ್ಟಿದ್ದೆ. ಮಾದರಿ ತಂದಿದ್ದ ಮಾನ್ವಿ ಕಡೆಯ ರೈತರು ಆ ಕಾಗದ ಹಿಡಿದು ಔಷಧಿ ಅಂಗಡಿಯವರೊಡನೆ ತಿಂಗಳುಗಟ್ಟಲೆ ಜಗಳವಾಡಿದರು. ಗೊತ್ತಾದ ಮೇಲೆ ಬಸ್ಸು ಹತ್ತಿ ಅವರ ಮನೆಗೇ ಹೋಗಿ, ತಿದ್ದಿದ ವರದಿ ಕೊಟ್ಟು ಬಂದೆ.