ಸೆಂಚಾ ಕಹಿಯಾದರೆ ಮೊದಲು ನೀರಿನ ಬಿಸಿ ನೋಡಿ

ಕುದಿಯುವ ನೀರನ್ನು ನೇರವಾಗಿ ಸೆಂಚಾ ಎಂಬ ಜಪಾನೀ ಹಸಿರು ಚಹಾದ ಎಲೆ ಮೇಲೆ ಸುರಿದು, ಮುಚ್ಚಿ, ಐದು ನಿಮಿಷ ಬಿಟ್ಟೆ. ಬೇವಿನ ಕಷಾಯದಂತಾಯಿತು, ಕೊನೆಗೆ ಜೇನುತುಪ್ಪ ಹಾಕಿ ಕುಡಿದೆ ಎಂದು ಬರೆದಿದ್ದೀರಿ. ಆ ಪೋಸ್ಟ್‌ನ ಕೆಳಗೆ ಹಲವರು ಎಲೆ ಕಳಪೆಯದು, ಬೇರೆ ಕಂಪನಿಯದು ತರಿಸಿ ಎಂದಿದ್ದಾರೆ. ಈಗಲೇ ತರಿಸಬೇಡಿ. ನನ್ನ ಮೊದಲ ಗ್ಯೋಕುರೊ (ನೆರಳಲ್ಲಿ ಬೆಳೆಸುವ ಜಪಾನೀ ಹಸಿರು ಚಹಾ) ಪೊಟ್ಟಣವೂ ಹೀಗೆಯೇ ಹಾಳಾಗಿತ್ತು. ಆ ಎಲೆಯಲ್ಲಿ ಯಾವ ದೋಷವೂ ಇರಲಿಲ್ಲ.

ಕಹಿ ಮತ್ತು ಒಗರು ಕೊಡುವ ಕ್ಯಾಟೆಚಿನ್‌ಗಳು ನೀರು ಬಿಸಿಯಾದಷ್ಟೂ ಧಾರಾಳವಾಗಿ ಇಳಿಯುತ್ತವೆ, ಕೆಫೀನ್ ಕೂಡ. ಉಮಾಮಿ ಎಂಬ ತುಂಬು ರುಚಿ ಕೊಡುವ ಥಿಯಾನಿನ್‌ಗೆ ಅಷ್ಟು ಬಿಸಿ ಬೇಕಿಲ್ಲ, 50–60 ಡಿಗ್ರಿಯಲ್ಲೂ ಚೆನ್ನಾಗಿ ಕರಗುತ್ತದೆ. ಬಿಸಿಲು ಬಿದ್ದರೆ ಎಲೆಯ ಥಿಯಾನಿನ್ ಕ್ಯಾಟೆಚಿನ್ ಆಗುತ್ತದೆ ಎಂದೇ ಗ್ಯೋಕುರೊ ತೋಟಕ್ಕೆ ಕೊಯ್ಲಿಗೆ ಮುನ್ನ ಸುಮಾರು 20 ದಿನ ನೆರಳು ಕಟ್ಟುತ್ತಾರೆ. ಕ್ಯೋಟೊ ಬಳಿಯ ಚಹಾ ಊರು ಉಜಿಯ ರೈತ ಅಷ್ಟು ಕಷ್ಟಪಟ್ಟು ಉಳಿಸಿದ ರುಚಿ ನಮ್ಮ ಅವಸರದಿಂದ ಕಹಿಯಲ್ಲಿ ಮುಳುಗಿಹೋಗಬಾರದು.

ಹಾಗೆಂದು ಕೆಟಲನ್ನು 70 ಡಿಗ್ರಿಗೆ ಇಟ್ಟು ನಿಲ್ಲಿಸಬೇಡಿ. ನೀರು ಒಮ್ಮೆ ಚೆನ್ನಾಗಿ ಕುದಿಯಲಿ, ಮುಚ್ಚಳ ತೆಗೆದು ಇನ್ನೂ ಎರಡು ಮೂರು ನಿಮಿಷ ಕುದಿಸಿ, ನಲ್ಲಿ ನೀರಿನ ಕ್ಲೋರಿನ್ ವಾಸನೆ ಹೋಗಲಿ. ಆಮೇಲೆ ಆರಿಸಿ. ಆರಿಸುವುದಕ್ಕೆ ನಾನು ಥರ್ಮಾಮೀಟರ್ ಬಳಸುವುದಿಲ್ಲ. ಒಂದು ಪಾತ್ರೆಯಿಂದ ಇನ್ನೊಂದು ತಣ್ಣನೆಯ ಪಾತ್ರೆಗೆ ಸುರಿದಾಗಲೆಲ್ಲ ನೀರು ಹೆಚ್ಚುಕಡಿಮೆ 10 ಡಿಗ್ರಿ ಇಳಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ. ಕೆಟಲಿನಿಂದ ಖಾಲಿ ಕ್ಯೂಸುಗೆ (ಹಿಡಿಯುಳ್ಳ ಸಣ್ಣ ಜಪಾನೀ ಚಹಾ ಪಾತ್ರೆ), ಕ್ಯೂಸುವಿನಿಂದ ಕುಡಿಯುವ ಬಟ್ಟಲುಗಳಿಗೆ ಸುರಿದರೆ 75–80ಕ್ಕೆ ಬಂದಿರುತ್ತದೆ, ಸೆಂಚಾಗೆ ಅದು ಸರಿ. ಬಟ್ಟಲುಗಳೂ ಬೆಚ್ಚಗಾದವು, ಎಷ್ಟು ನೀರು ಬೇಕೆಂಬ ಅಳತೆಯೂ ಆಯಿತು. ಈಗ ಕ್ಯೂಸುಗೆ ಎಲೆ ಹಾಕಿ, ಬಟ್ಟಲುಗಳ ನೀರನ್ನು ಮೆಲ್ಲಗೆ ವಾಪಸು ಸುರಿಯಿರಿ. ಗ್ಯೋಕುರೊ ಆದರೆ ನಡುವೆ ಯುಜಮಶಿಗೂ (ನೀರು ಆರಿಸುವ ಪಾತ್ರೆ) ಒಮ್ಮೆ ಸುರಿದು, ಅದನ್ನು ಅಂಗೈಯಲ್ಲಿ ನಿರಾಯಾಸವಾಗಿ ಹಿಡಿಯಬಹುದಾದಷ್ಟು ಹೊತ್ತು ಕಾಯಬೇಕು. ಪಾತ್ರೆಗಳು ದಪ್ಪವಾಗಿದ್ದರೆ ಬಿಸಿ ಇನ್ನೂ ಬೇಗ ಇಳಿಯುತ್ತದೆ, ಮುಂಚೆಯೇ ಬೆಚ್ಚಗಿದ್ದರೆ ಅಷ್ಟು ಇಳಿಯುವುದಿಲ್ಲ. ನಿಮ್ಮ ಪಾತ್ರೆಗಳ ಸ್ವಭಾವ ನಿಮಗೇ ತಿಳಿಯಬೇಕು.

ಕ್ಯೋಟೊದ ಇಪ್ಪೋದೊ ಅಂಗಡಿಯವರು ಸೆಂಚಾಗೆ ಹೇಳುವ ಅಳತೆ 10 ಗ್ರಾಂ ಎಲೆ, 210 ಮಿ.ಲೀ. ನೀರು, 80 ಡಿಗ್ರಿ, ಒಂದು ನಿಮಿಷ. 1717ರಿಂದ ಅಂಗಡಿ ನಡೆಸುತ್ತಿರುವವರ ಮಾತಿಗೆ ತೂಕವಿದೆ, ಅವರ ಎಲೆಯೂ ನನಗೆ ಅಚ್ಚುಮೆಚ್ಚು. ಆದರೂ ಅಷ್ಟು ನೀರಿಗೆ ನನಗೆ 7 ಗ್ರಾಂ ಸಾಕು. ಫುಕಮುಶಿ ಆಗಿದ್ದರೆ ಒಂದು ನಿಮಿಷವೂ ಹೆಚ್ಚೇ. ಆ ಬಗೆಯ ಸೆಂಚಾದ ಎಲೆ ಹಬೆಯಲ್ಲಿ ಹೆಚ್ಚು ಹೊತ್ತು ಬೆಂದು ಪುಡಿಯಾಗಿರುತ್ತದೆ, ಅರ್ಧ ನಿಮಿಷಕ್ಕೇ ಬಗ್ಗಿಸಿ. ಕ್ಯೂಸುವನ್ನು ಅಲ್ಲಾಡಿಸಬೇಡಿ. ಒಂದು ಬಟ್ಟಲು ತುಂಬಿಸಿ ಇನ್ನೊಂದಕ್ಕೆ ಹೋಗುವುದೂ ಬೇಡ. ಸ್ವಲ್ಪ ಸ್ವಲ್ಪವೇ ಸುತ್ತಿ ಬಂದು ಕೊನೆಯ ಹನಿಯವರೆಗೆ ಬಸಿಯಿರಿ. ಒಳಗೆ ಉಳಿದ ನೀರಿನಲ್ಲಿ ಎಲೆ ನೆನೆಯುತ್ತಲೇ ಇದ್ದರೆ ಎರಡನೆಯ ಸುತ್ತು ಕೆಡುತ್ತದೆ. ಬಸಿದ ಮೇಲೆ ಮುಚ್ಚಳ ಸ್ವಲ್ಪ ಸರಿಸಿಡಿ. ಎರಡನೆಯ ಸುತ್ತಿಗೆ ನೀರು ಇನ್ನಷ್ಟು ಬಿಸಿಯಿರಲಿ, ಹತ್ತು ಸೆಕೆಂಡ್ ಸಾಕು.

ಮೇಲೆ ಒಬ್ಬರು ಮೊದಲ ನೀರನ್ನು ಚೆಲ್ಲಿ ಎಲೆ ತೊಳೆಯಿರಿ ಎಂದಿದ್ದಾರೆ. ಇದನ್ನು ಓದಿ ನಿಜಕ್ಕೂ ಸಂಕಟವಾಯಿತು. ಅದು ಹುದುಗಿಸಿದ ಪು-ಎರ್ ಚಹಾಗೆ, ಉಂಡೆ ಕಟ್ಟಿದ ಊಲಾಂಗ್‌ಗೆ ಇರುವ ಚೀನೀ ಪದ್ಧತಿ. ಸೆಂಚಾ, ಗ್ಯೋಕುರೊಗಳಲ್ಲಿ ಮೊದಲ ನೀರೇ ಸಾರ, ಅದನ್ನು ಚೆಲ್ಲಿದರೆ ಕೊಟ್ಟ ದುಡ್ಡನ್ನೇ ಚೆಲ್ಲಿದಂತೆ. ಹಾಗೆಯೇ ನಾನು ಹೇಳಿದ ಆರಿಸಿದ ನೀರಿನ ಲೆಕ್ಕವನ್ನು ಚೀನಾದ ವೂಯಿ ಬೆಟ್ಟದ ಬಂಡೆ ಊಲಾಂಗ್‌ಗೋ ಪು-ಎರ್‌ಗೋ ಅನ್ವಯಿಸಬೇಡಿ, ಅವಕ್ಕೆ ಕುದಿನೀರೇ ಬೇಕು. ಜಪಾನಿನದೇ ಆದ ಹೋಜಿಚಾ (ಹುರಿದ ಚಹಾ), ಗೆನ್‌ಮೈಚಾ (ಹುರಿದ ಅಕ್ಕಿ ಬೆರೆಸಿದ ಚಹಾ)ಗಳಿಗೂ ಕುದಿನೀರು. ರಾತ್ರಿ ಊಟದ ಮೇಲೆ ಚಹಾ ಬೇಕೆನಿಸಿದರೆ ಹೋಜಿಚಾ ಮಾಡಿಕೊಳ್ಳಿ.

ನಿಮ್ಮ ಫೋಟೊದಲ್ಲಿ ಕಂಡ ಎರಕದ ಕಬ್ಬಿಣದ ಪಾತ್ರೆಯನ್ನು ಸೆಂಚಾಗೆ ಬಳಸಲೇಬೇಡಿ. ಒಳಗೆ ಎನಾಮಲ್ ಬಳಿದ ಅಂಥವು ನೋಡಲು ಚೆಂದ, ಬಿಸಿ ಹಿಡಿದಿಟ್ಟು ಎಲೆಯನ್ನು ಬೇಯಿಸಿಬಿಡುತ್ತವೆ. ಒಲೆಯ ಮೇಲಿಡುವಂಥವೂ ಅವಲ್ಲ. ಜಪಾನಿನ ಕುಂಬಾರಿಕೆಯ ಊರು ತೊಕೊನಾಮೆಯ ಕೆಂಪು ಮಣ್ಣಿನ ಸಣ್ಣ ಕ್ಯೂಸು ಒಂದಿದ್ದರೆ ಬೇರೇನೂ ಬೇಡ. ಅದಕ್ಕೆ ಸೋಪು ಸೋಕಿಸಬೇಡಿ, ನೀರಲ್ಲಿ ತೊಳೆದು ಮುಚ್ಚಳ ತೆರೆದು ಒಣಗಿಸಿ. ಸದ್ಯಕ್ಕೆ ಕ್ಯೂಸು ಇಲ್ಲದಿದ್ದರೆ ಪಿಂಗಾಣಿ ಬಟ್ಟಲು, ಸಣ್ಣ ಕಣ್ಣಿನ ಜರಡಿ ಸಾಕು.

ನೀರು ಎಲ್ಲಿಯದು ಎಂದು ನೀವು ಬರೆದಿಲ್ಲ. ಜಪಾನಿನ ನೀರು ಬಹುಪಾಲು ಮೆದು. ನಮ್ಮ ಕೊಳವೆ ಬಾವಿಯ ಗಡಸು ನೀರಿನಲ್ಲಿ ಸೆಂಚಾ ಮಂಕಾಗುತ್ತದೆ, ಸುವಾಸನೆ ಏಳುವುದಿಲ್ಲ. ಖನಿಜವೆಲ್ಲ ಹೋದ ಆರ್‌ಒ ನೀರಿನಲ್ಲಿ ರುಚಿ ಚಪ್ಪೆ. ಸೋಸಿದ ಕಾವೇರಿ ನೀರು ಸಿಕ್ಕರೆ ಅದು, ಇಲ್ಲದಿದ್ದರೆ ಆರ್‌ಒ ನೀರಿಗೆ ನಲ್ಲಿ ನೀರು ಸ್ವಲ್ಪ ಬೆರೆಸಿ ನೋಡಿ.

ಎಲೆಯನ್ನು ಫ್ರಿಜ್‌ನಲ್ಲಿ ಇಟ್ಟಿದ್ದೀರಾದರೆ ಪೊಟ್ಟಣ ಕೋಣೆಯ ಬಿಸಿಗೆ ಬರುವವರೆಗೆ ಬಾಯಿ ಬಿಚ್ಚಬೇಡಿ, ಗಾಳಿಯ ತೇವವೆಲ್ಲ ಎಲೆಗೆ ಇಳಿಯುತ್ತದೆ. ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಫ್ರಿಜ್‌ಗೆ ಇಡದೆ ಬಿಗಿ ಡಬ್ಬಿಯಲ್ಲಿಟ್ಟು ಬೇಗ ಮುಗಿಸಿ. 50 ಗ್ರಾಂಗಿಂತ ದೊಡ್ಡ ಪೊಟ್ಟಣ ಒಬ್ಬರಿಗೆ ಬೇಡವೇ ಬೇಡ.

ಇಷ್ಟಾದರೂ ಕಹಿ ಹೋಗದಿದ್ದರೆ ಆ ಎಲೆಯನ್ನು ಎಸೆಯಬೇಡಿ. ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಹಾಕಿ, ಫ್ರಿಜ್‌ನಲ್ಲಿ ನಾಲ್ಕೈದು ಗಂಟೆ ಇಟ್ಟು ಸೋಸಿ. ಸಾಧಾರಣ ಸೆಂಚಾ ಕೂಡ ಹೀಗೆ ಮಾಡಿದರೆ ಸಿಹಿಯಾಗುತ್ತದೆ. ಪೊಟ್ಟಣದ ಹಿಂಬದಿಯ ಫೋಟೊ ಹಾಕಿ, ಫುಕಮುಶಿಯೋ ಅಲ್ಲವೋ ನೋಡಿ ಹೇಳುತ್ತೇನೆ.