ಎಎನ್‌ಎಂ ಸಿಸ್ಟರ್ (ಊರಿನ ಕಿರಿಯ ಆರೋಗ್ಯ ಸಹಾಯಕಿ) ತಾಯಿ ಕಾರ್ಡಿನಲ್ಲಿ ಬರೆದದ್ದನ್ನೇ ಮತ್ತೆ ಟ್ಯಾಬ್‌ನಲ್ಲಿ ಯಾಕೆ ತುಂಬುತ್ತಾರೆ?

ತಾಯಿ ಕಾರ್ಡು ಗರ್ಭಿಣಿಯ ಕೈಯಲ್ಲಿರುವ ದಾಖಲೆ. ಟ್ಯಾಬ್‌ನಲ್ಲಿ ತುಂಬಿದ್ದು ತಾಯಿ-ಮಕ್ಕಳ ಆರೋಗ್ಯದ ಲೆಕ್ಕವಿಡುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್‌ಗೆ ಹೋಗುತ್ತದೆ. ಅದಕ್ಕೆಂದೇ 2016ರಲ್ಲಿ ಅನ್ಮೋಲ್ ಎಂಬ ಆ್ಯಪ್ ಬಂತು. ಸಿಗ್ನಲ್ ಇಲ್ಲದ ಊರಲ್ಲಿ ತುಂಬಿಟ್ಟು, ನೆಟ್ ಸಿಕ್ಕಾಗ ಕಳಿಸಬಹುದು.

ಮೊದಲ ನೋಂದಣಿಯಲ್ಲೇ ಪ್ರತಿ ಗರ್ಭಿಣಿಗೂ ಒಂದು ಆರ್‌ಸಿಎಚ್ ಸಂಖ್ಯೆ ಸಿಗುತ್ತದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ತಾನೆ? ಊರು ಬದಲಾದಾಗ ಕೆಲಸಕ್ಕೆ ಬರುವುದೇ ಈ ಸಂಖ್ಯೆ. ಅದನ್ನು ಕೇಳದೆ ಹೊಸದಾಗಿ ನೋಂದಾಯಿಸಿದರೆ ಒಬ್ಬಳೇ ಹೆಂಗಸು ಲೆಕ್ಕದಲ್ಲಿ ಇಬ್ಬರಾಗುತ್ತಾಳೆ. ಹಳೆಯ ಬಿಪಿ, ರಕ್ತದ ವರದಿ ಇನ್ನೊಂದು ಕಡೆ ಉಳಿದುಬಿಡುತ್ತವೆ.

ಎಲ್ಲಕ್ಕಿಂತ ಮುಖ್ಯ, ಕೊನೆಯ ಮುಟ್ಟಿನ ಮೊದಲ ದಿನ. ಅದಕ್ಕೆ 9 ತಿಂಗಳು 7 ದಿನ ಸೇರಿಸಿ ಹೆರಿಗೆ ದಿನ ಲೆಕ್ಕ ಹಾಕುತ್ತಾರೆ. ಯಾವ ತಪಾಸಣೆ ಯಾವಾಗ ಎಂಬುದೂ ಅದರ ಮೇಲೇ ನಿಂತಿದೆ. 'ಯುಗಾದಿ ಆಸುಪಾಸು' ಅಂದರೆ ಕ್ಯಾಲೆಂಡರ್ ತೆಗೆದು ಕೂರಬೇಕು, ಬೇರೆ ದಾರಿಯಿಲ್ಲ.

ಬಿಪಿ 140/90 ಮುಟ್ಟಿದರೆ, ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದರೆ ಅದು ಅಪಾಯದ ಗರ್ಭ. ಅಂಥವರನ್ನು ವೈದ್ಯರಿಗೆ ತೋರಿಸಲೇಬೇಕು. ದಾಖಲೆ ಸರಿಯಿದ್ದರೆ ಯಾರು ಬಂದಿಲ್ಲ, ಯಾರ ಮನೆಗೆ ಮೊದಲು ಹೋಗಬೇಕು ಎಂದು ತಿಳಿಯುತ್ತದೆ.

ಎರಡೆರಡು ಕಡೆ ಬರೆಯುವುದು ಹೊರೆಯೇ, ಸುಳ್ಳಲ್ಲ. ಆದರೆ ಕೆಲಸ ಜಾಸ್ತಿ ಅಂತ ಸುಮ್ನೆ ಎಲ್ಲರಿಗೂ 120/80 ತುಂಬಿದರೆ, ನಿಜವಾಗಿ ಏರುತ್ತಿರುವ ಬಿಪಿ ಯಾರ ಕಣ್ಣಿಗೂ ಬೀಳುವುದಿಲ್ಲ.