ಹತ್ತರಲ್ಲೊಂದು ಪಾಲು

ಇವರನ್ನು ಆನಂದ ಎಂದು ಕರೆಯುತ್ತೇನೆ. ಹೆಸರು ನಿಜವಲ್ಲ, ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು 47. ಮಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನಿಗೆ ಬೇಕಾದ ಸಾಮಾನು ಖರೀದಿಸುವ ಕೆಲಸ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ ಎಂದು ವೈದ್ಯರ ಬಳಿ ಹೋಗಿದ್ದರು. ರಕ್ತದೊತ್ತಡ, ಸಕ್ಕರೆ ಎಲ್ಲ ಸರಿಯಿದ್ದುದರಿಂದ ವೈದ್ಯರು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಕಳುಹಿಸಿದರು.

ಮೊದಲ ಎರಡು ಭೇಟಿಗಳಲ್ಲಿ ಅವರು ಮಾತನಾಡಿದ್ದೆಲ್ಲ ತಮ್ಮ ಸಭೆಯ, ಅಂದರೆ ಚರ್ಚಿನ ಬಗ್ಗೆ. ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಲ್ಲಿ ಅವರ ಮುತ್ತಜ್ಜ ದುಡಿದಿದ್ದರಂತೆ. ಹಳೆಯ ಮನೆಯ ಮಾಡಿನ ಮೇಲೆ ಆ ಹಂಚುಗಳು ಈಗಲೂ ಇವೆ, ಒಂದು ಹನಿಯೂ ಸೋರುವುದಿಲ್ಲ ಎಂದು ಹೇಳುವಾಗ ಅವರ ಮುಖ ಅರಳಿತು. ಹದಿನಾಲ್ಕು ವರ್ಷಗಳಿಂದ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ನಾನು ಕೇಳುತ್ತಾ ಕುಳಿತೆ. ನಿದ್ದೆಗೆಡಿಸುವ ಸಂಗತಿ ಇದರಲ್ಲಿ ಇರಲಿಲ್ಲ.

ಮೂರನೆಯ ಭೇಟಿಯಲ್ಲಿ ಅದು ಹೊರಬಂತು. ದಿನಕ್ಕೆ ಸುಮಾರು 60 ಕಿಲೋ ಕುಚ್ಚಲಕ್ಕಿ ಬೇಕು. ಅಕ್ಕಿ ಪೂರೈಸುವವನು ಕಿಲೋಗೆ 3 ರೂಪಾಯಿಯಂತೆ ಇವರ ಕೈಗೆ ಕೊಡುತ್ತಿದ್ದ, ತಿಂಗಳಿಗೆ 4,500. ಮಗಳ ಕಾಲೇಜು ಶುಲ್ಕಕ್ಕೆ ಒಂದು ಸಲ ಎಂದು ಆರಂಭವಾದದ್ದು ಮೂರು ವರ್ಷ ನಡೆಯಿತು. ಆ ಹಣದಿಂದ ಪ್ರತಿ ತಿಂಗಳು 450 ರೂಪಾಯಿಯನ್ನು ಬೇರೆ ಲಕೋಟೆಯಲ್ಲಿಟ್ಟು ಕಾಣಿಕೆಚೀಲಕ್ಕೆ ಹಾಕುತ್ತಿದ್ದರು. ಸಂಬಳದ ಹತ್ತರಲ್ಲೊಂದು ಪಾಲನ್ನು ದೇವರಿಗೆಂದು ಕೊಡುವ ದಶಮಾಂಶದ ಲಕೋಟೆ ಪ್ರತ್ಯೇಕ.

"ಒಂದು ದಿನ ಅಡುಗೆಯ ಅಕ್ಕ ಮೊರದಲ್ಲಿ ಅಕ್ಕಿ ಹರಡಿಕೊಂಡು ಬಂದು ನನ್ನ ಮುಂದೆ ಹಿಡಿದರು ಮೇಡಂ. ಹುಳು ಹರಿದಾಡುತ್ತಿತ್ತು. ಅವರು ಒಂದು ಮಾತೂ ಆಡಲಿಲ್ಲ. ಅಂದಿನಿಂದ ನಿದ್ದೆ ಇಲ್ಲ."

ಅವರು ನನ್ನಿಂದ ನಿರೀಕ್ಷಿಸಿದ್ದು ಎರಡರಲ್ಲಿ ಒಂದನ್ನು: ಬೈಗುಳ, ಇಲ್ಲವೇ 'ದೇವರು ಕ್ಷಮಿಸಿದ್ದಾನೆ, ಮರೆತುಬಿಡಿ' ಎಂಬ ಸಮಾಧಾನ. ಎರಡನ್ನೂ ನಾನು ಕೊಡಲಿಲ್ಲ. ಅಪರಾಧಭಾವವನ್ನು ರೋಗದಂತೆ ಇಳಿಸಬೇಕಾದ ಎಷ್ಟೋ ಜನರನ್ನು ನೋಡಿದ್ದೇನೆ. ಮಾಡದ ತಪ್ಪಿಗೆ ನರಳುವವರು ಅವರು. ಆನಂದರ ಅಪರಾಧಭಾವ ಆ ಬಗೆಯದಲ್ಲ. ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅವರ ಆತ್ಮಸಾಕ್ಷಿ ಮೂರು ವರ್ಷಗಳಿಂದ ಆ ಎರಡನೆಯ ಲಕೋಟೆಯ ಮೂಲಕ ಏನನ್ನೋ ಹಿಂತಿರುಗಿಸಲು ಹೆಣಗುತ್ತಿತ್ತು, ಆದರೆ ವಿಳಾಸ ತಪ್ಪಾಗಿತ್ತು. ಹಣ ಹೋದದ್ದು ದೇವಾಲಯದಿಂದ ಅಲ್ಲ, ಕಾರ್ಮಿಕರ ತಟ್ಟೆಯಿಂದ.

ಅವರಿಗೆ ಸತ್ಯವೇದ, ಅಂದರೆ ಬೈಬಲ್, ಬಾಯಿಪಾಠ. ಹಾಗಾಗಿ ಅವರ ಭಾಷೆಯಲ್ಲೇ ಮಾತನಾಡಿದೆ. ಮರುಗ, ಸೋಪು, ಜೀರಿಗೆಗಳಲ್ಲೂ ಹತ್ತರಲ್ಲೊಂದು ಪಾಲು ಕೊಟ್ಟು ನ್ಯಾಯ, ಕರುಣೆಗಳನ್ನು ಬಿಟ್ಟವರನ್ನು ಯೇಸು ಗದರಿಸಿದ್ದು ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿದೆ. ದಿನವೂ ಜೀರಿಗೆ ಖರೀದಿಸುವ ಮನುಷ್ಯ ಅದನ್ನು ಕೇಳಿ ತಲೆ ತಗ್ಗಿಸಿದರು. ಕಸಿದುಕೊಂಡದ್ದನ್ನು ಐದರಲ್ಲೊಂದು ಪಾಲು ಸೇರಿಸಿ ಕಳೆದುಕೊಂಡವನಿಗೇ ಕೊಡಬೇಕೆಂದು ಯಾಜಕಕಾಂಡದ 6ನೆಯ ಅಧ್ಯಾಯ ಹೇಳುತ್ತದೆ. ಯಜ್ಞದ ಮಾತು ಅದರ ನಂತರ ಬರುತ್ತದೆ.

ಕೆಲಸ ಬಿಡುತ್ತೇನೆ ಎಂದರು. ಇಲ್ಲಿ ನಾನು ತುಸು ಗಟ್ಟಿಯಾಗಿಯೇ ಬೇಡವೆಂದೆ. ಲೂಕನ 3ನೆಯ ಅಧ್ಯಾಯದಲ್ಲಿ ಸುಂಕ ವಸೂಲಿಯವರು ಬಂದು ತಾವೇನು ಮಾಡಬೇಕೆಂದು ಕೇಳಿದಾಗ, ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ಪ್ರವಾದಿ ಸ್ನಾನಿಕ ಯೋಹಾನನು ಸುಂಕದ ಕಟ್ಟೆಯನ್ನು ಬಿಟ್ಟು ಅಡವಿಗೆ ಬನ್ನಿ ಎನ್ನಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂದನು, ಅಷ್ಟೇ. ರಾಜೀನಾಮೆ ಕೊಟ್ಟರೆ ಮನಸ್ಸು ಹಗುರವಾಗಬಹುದು, ಆದರೆ ಅಕ್ಕಿ ಹಾಗೆಯೇ ಬರುತ್ತಿರುತ್ತದೆ. ಸಭೆಯ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದದ್ದಕ್ಕೂ ನನ್ನ ಒಪ್ಪಿಗೆ ಇರಲಿಲ್ಲ. ಆ ಅಕ್ಕಿಯ ಅನ್ನ ಉಂಡವರು ಅಲ್ಲಿ ಕುಳಿತಿರುವುದಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಇಂದಿನಿಂದಲೇ ಹಣ ಮುಟ್ಟಬೇಡಿ, ಪೂರೈಕೆದಾರನಿಗೆ ಎದುರಿಗೇ ಹೇಳಿ. ಹೆಂಡತಿಗೆ ಈ ವಾರವೇ ತಿಳಿಸಿ, ಏಕೆಂದರೆ ಮುಂದೆ ಬರುವುದನ್ನು ಅವರೂ ಹೊರಬೇಕು. ಮ್ಯಾನೇಜರರ ಬಳಿಗೆ ಹೋಗುವ ಮುನ್ನ ಒಬ್ಬ ವಕೀಲರನ್ನು ಕಂಡು ಪರಿಣಾಮಗಳನ್ನು ಅರಿತುಕೊಳ್ಳಿ, ಅಲ್ಲಿಯವರೆಗೆ ಏನನ್ನೂ ಬರೆದುಕೊಡಬೇಡಿ. ಕಾಣಿಕೆಗೆ ಹಾಕಿದ ಹಣವನ್ನು ಲೆಕ್ಕದಲ್ಲಿ ಕಳೆಯಬೇಡಿ. ಮೂರು ವರ್ಷಕ್ಕೆ 1,62,000, ಐದರಲ್ಲೊಂದು ಪಾಲು ಸೇರಿದರೆ 1,94,400 ಎಂದು ಅವರೇ ಕಾಗದದ ಮೇಲೆ ಬರೆದರು. ಆ ಐದನೆಯ ಪಾಲು ನನ್ನ ಸಲಹೆಯಲ್ಲಿರಲಿಲ್ಲ.

ಇನ್ನೊಂದನ್ನು ಅವರು ನಿರೀಕ್ಷಿಸಿರಲಿಲ್ಲ. ಮನೆಯಿಂದ ಬುತ್ತಿ ತರುವುದನ್ನು ನಿಲ್ಲಿಸಿ, ಮಧ್ಯಾಹ್ನ ಕಾರ್ಮಿಕರ ಸಾಲಿನಲ್ಲಿ ನಿಂತು ಅದೇ ಅನ್ನ ಉಣ್ಣಿ ಎಂದೆ. ಶಿಕ್ಷೆಯಾಗಿ ಹೇಳಲಿಲ್ಲ. ಅಕ್ಕಿಯ ಮಾದರಿಯನ್ನು ಮೇಜಿನ ಮೇಲೆ ನೋಡುವವನ ಕಣ್ಣು ಬೇರೆ, ಅದನ್ನು ಉಣ್ಣುವವನ ನಾಲಿಗೆ ಬೇರೆ. ನಮ್ಮ ಸಭೆಗಳಲ್ಲಿ ಭಾನುವಾರ ಪ್ರಭುಭೋಜನದ ಒಂದೇ ರೊಟ್ಟಿಯಲ್ಲಿ ಪಾಲುಗಾರರಾಗುವ ನಾವು ಸೋಮವಾರ ಬೇರೆ ಬೇರೆ ಮೇಜುಗಳಿಗೆ ಹೋಗುತ್ತೇವೆ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿ ಇದು.

ಎಲ್ಲವೂ ಸುಗಮವಾಗಿ ನಡೆಯಲಿಲ್ಲ. ಹೆಂಡತಿ ಹತ್ತು ದಿನ ಮಾತು ಬಿಟ್ಟರು. ಮ್ಯಾನೇಜರ್ ಎಚ್ಚರಿಕೆ ಪತ್ರ ಕೊಟ್ಟು ಖರೀದಿಯಿಂದ ಉಗ್ರಾಣಕ್ಕೆ ಹಾಕಿದರು. ಸಂಬಳದಿಂದ ತಿಂಗಳಿಗೆ 5,400 ಕಡಿತವಾಗಿ ಕ್ಯಾಂಟೀನಿನ ಖಾತೆಗೆ ಹೋಗುತ್ತದೆ, ಮುಗಿಯಲು ಮೂರು ವರ್ಷ ಬೇಕು. ಪೊಲೀಸರ ಬಳಿಗೆ ಹೋಗದಿದ್ದುದು ಸಂಸ್ಥೆಯ ಔದಾರ್ಯ. ಎಲ್ಲರಿಗೂ ಹಾಗೆಯೇ ಆಗುತ್ತದೆ ಎಂಬ ಭರವಸೆ ನಾನು ಕೊಡಲಾರೆ, ಅವರಿಗೂ ಕೊಟ್ಟಿರಲಿಲ್ಲ. ಭಾನುವಾರದ ಶಾಲೆಯ ವಿಷಯವನ್ನು ಸಭಾಪಾಲಕರಿಗೆ ಬಿಟ್ಟುಕೊಟ್ಟರು. ಅವರು ಆರು ತಿಂಗಳು ವಿಶ್ರಾಂತಿ ಎಂದರು, ಕಾರಣವನ್ನು ಯಾರಿಗೂ ಹೇಳಲಿಲ್ಲ.

ಈಗ ನಿದ್ದೆ ಐದರವರೆಗೆ ಬರುತ್ತದೆ. ಮಧ್ಯಾಹ್ನದ ಸಾಲಿನಲ್ಲಿ ನಿಲ್ಲುವುದನ್ನು ಅವರು ಬಿಟ್ಟಿಲ್ಲ. ಮೊದಲ ವಾರ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. ಈಚೆಗೆ ಅಡುಗೆಯ ಅಕ್ಕ ಬಡಿಸುವಾಗ ಗಂಜಿನೀರು ಬೇಕೇ ಎಂದು ಕೇಳುತ್ತಾರೆ. ಮುಂದಿನ ಭೇಟಿಗೆ ಹೆಂಡತಿಯೂ ಜೊತೆಗೆ ಬರುವುದಾಗಿ ಹೇಳಿದ್ದಾರೆ.